ಚಿಲಕ ರಿಪೇರಿ ಮಾಡಿಹೋದ ಕಳ್ಳ

ಕಬ್ಬಿಣದ ರಾಡು ಮೊದಲು ಜೀಪಿನ ಗಾಜಿಗೆ ಬಿತ್ತು. ಬೈಗುಳ ಆಮೇಲೆ ಬಂತು.

“ಇಳಿಸ್ರೀ ಅವನನ್ನ! ನಮ್ಮಣ್ಣನ್ನ ಎರಡಡಿ ಡಬ್ಬ ಮಾಡಿಟ್ಟೋನು. ಅವನಿಗೆ ಕೋರ್ಟು ಬೇರೆ ಕೇಡು!”

ರಾಡು ಬೀಸಿದವನು ಸತ್ತ ಮೇಸ್ತ್ರಿಯ ತಮ್ಮ. ಅವನೂ ಇದೇ ಗುಜರಿ ಅಂಗಳದಲ್ಲಿ ಗ್ಯಾಸ್ ಕಟ್ಟರ್. ಕಾರು, ಬಸ್ಸುಗಳ ಹೊಟ್ಟೆ ಸೀಳಿ ಸೀಳಿ ಅವನ ತೋಳು ರೈಲು ಕಂಬಿಯ ಹಾಗಾಗಿತ್ತು. ಇಬ್ಬರು ಪೇದೆಗಳು ಆ ತೋಳಿಗೆ ಜೋತುಬಿದ್ದರೂ ಅವನು ಅವರನ್ನು ಎಳೆದುಕೊಂಡೇ ಮುಂದೆ ಬಂದ.

ಇನ್ಸ್‌ಪೆಕ್ಟರ್ ಲಾಠಿ ತೆಗೆದು ಅವನ ಮೊಣಕಾಲಿನ ಸಂದಿಗೆ ಒಂದೇ ಏಟು ಕೊಟ್ಟಳು. ಅವನು ಕುಸಿದು ಕೂತ.

“ನಾಲ್ಕು ಗಂಟೆಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ತೀನಿ. ಅಲ್ಲಿವರೆಗೆ ಅವನು ನನ್ನ ಸ್ವತ್ತು. ಇನ್ನೊಂದು ಸಲ ರಾಡ್ ಎತ್ತಿದ್ರೆ ನಿನ್ನನ್ನೂ ಅದೇ ಜೀಪಿಗೆ ತುಂಬ್ತೀನಿ.”

ಜೀಪಿನ ಹಿಂದಿನ ಸೀಟಿನಲ್ಲಿ ಬೇಡಿ ತೊಟ್ಟು ಕೂತಿದ್ದ, ಗುಜರಿ ಅದುಮಿ ಡಬ್ಬ ಮಾಡುವ ಪ್ರೆಸ್ಸಿನ ಆಪರೇಟರ್ ಮುಖ ಎತ್ತಲಿಲ್ಲ. ಗಾಜಿನ ಚೂರು ತೊಡೆಯ ಮೇಲೆ ಬಿದ್ದಿದ್ದರೂ ಕೊಡವಿಕೊಳ್ಳಲಿಲ್ಲ. ಅವನ ಬಲಗೈಯ ಎರಡು ಬೆರಳು ಊದಿ ನೇರಳೆ ಬಣ್ಣಕ್ಕೆ ತಿರುಗಿದ್ದವು. ಅವು ಸ್ಟೇಷನ್ನಿನಲ್ಲಿ ಮುರಿದದ್ದು. ಮುರಿಯುವಾಗ ಇನ್ಸ್‌ಪೆಕ್ಟರ್ ಪಕ್ಕದ ಕೋಣೆಯಲ್ಲಿ ಕೂತು ಕಡತ ಓದುತ್ತಿದ್ದಳು. ಕೂಗು ಕೇಳಿಸಿತ್ತು. ಎದ್ದು ಹೋಗಿರಲಿಲ್ಲ.

ಮೂರು ದಿನದ ಹಿಂದೆ ಬೆಳಿಗ್ಗೆ ಹತ್ತು ನಲವತ್ತೆರಡಕ್ಕೆ, ಸಿಕ್ಕಿಕೊಂಡ ತಂತಿ ಬಿಡಿಸಲು ಮೇಸ್ತ್ರಿ ಪ್ರೆಸ್ಸಿನ ತೊಟ್ಟಿಗೆ ಇಳಿದಿದ್ದಾಗ ಮೇಲಿನ ಉಕ್ಕಿನ ಮುಚ್ಚಳ ಮುಚ್ಚಿಕೊಂಡಿತ್ತು. ಮುಚ್ಚು ಎಂಬ ಆಜ್ಞೆ ಆಪರೇಟರ್ ಹೆಸರಿನಲ್ಲೇ ಹೋಗಿದೆ ಎಂದು ಕಂಪ್ಯೂಟರ್ ದಾಖಲೆ ಹೇಳಿತು. ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಗುಮಾಸ್ತೆ, ಎಲ್ಲರ ಬಾಯಲ್ಲಿ ತೂಕದಮ್ಮ, ಅದೇ ಹೊತ್ತಿಗೆ ಕ್ಯಾಬಿನ್ನಿನಲ್ಲಿ ನೀಲಿ ಅಂಗಿ ಕಂಡೆ ಎಂದಳು. ಅಂಗಳದ ಕೆಲಸಗಾರರೆಲ್ಲರದೂ ನೀಲಿ ಅಂಗಿಯೇ. ಆದರೆ ಹಿಂದಿನ ವಾರ ಎಲ್ಲರೆದುರು ಮೇಸ್ತ್ರಿಯ ಕೈಯಲ್ಲಿ ಕಪಾಳಕ್ಕೆ ತಿಂದಿದ್ದವನು ಆಪರೇಟರ್ ಒಬ್ಬನೇ. “ನಲ್ಲಿ ಹತ್ರ ನೀರು ಕುಡೀತಿದ್ದೆ” ಎಂದು ಅವನು ಎರಡು ದಿನ ಹೇಳಿದ. ಇವತ್ತು ಬೆಳಿಗ್ಗೆ ತಪ್ಪೊಪ್ಪಿಗೆಗೆ ಎಡಗೈಯಲ್ಲಿ ರುಜು ಹಾಕಿದ.

ಆ ಎಡಗೈ ರುಜು ನೋಡಿದಾಗಲೇ ಇನ್ಸ್‌ಪೆಕ್ಟರ್ ಕಡತವನ್ನು ಮತ್ತೆ ಮೊದಲಿನಿಂದ ತಿರುವಿದ್ದು. ಆಗ ಸ್ಟೇಷನ್ ಮೆಟ್ಟಿಲ ಮೇಲೆ ಮೂರು ದಿನದಿಂದ ಕೂತಿದ್ದ ಅವನ ಅಕ್ಕ ಎದ್ದು ನಿಂತು ಒಂದೇ ಮಾತು ಕೇಳಿದ್ದಳು.

“ಕಂಪ್ಯೂಟರ್ ಹೇಳಿದ್ದನ್ನ ನಂಬಿ ನನ್ನ ತಮ್ಮನ ಬೆರಳು ಮುರಿದ್ರಿ ಮೇಡಂ. ಕಂಪ್ಯೂಟರ್‌ನ ಯಾರಾದ್ರೂ ವಿಚಾರಣೆ ಮಾಡಿದ್ರಾ?”

ಅಕ್ಕನದು ಕ್ಷೌರದಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಒಂದು ಕಂಪ್ಯೂಟರ್ ರಿಪೇರಿ ಗೂಡು. ಹದಿನೆಂಟು ವರ್ಷದ ಕೆಲಸ. ಇನ್ಸ್‌ಪೆಕ್ಟರ್ ಅವಳನ್ನು ಜೀಪಿನ ಮುಂದಿನ ಸೀಟಿಗೆ ಹತ್ತಿಸಿಕೊಂಡು, ಆ ಕಂಪ್ಯೂಟರ್ ನೋಡಿಸಲು ಅಂಗಳಕ್ಕೆ ಬಂದಿದ್ದಳು.

ಪ್ರೆಸ್ಸಿನ ಕ್ಯಾಬಿನ್ನು ತೊಟ್ಟಿಯ ನೆತ್ತಿಯ ಮೇಲಿನ ತಗಡಿನ ಗೂಡು. ಕಿಟಕಿಯಿಂದ ಬಗ್ಗಿದರೆ ಕೆಳಗೆ ತೆರೆದ ತೊಟ್ಟಿ, ಅದರಲ್ಲಿ ಒಂದು ಬಟ್ಟೆ ಒಗೆಯುವ ಯಂತ್ರದ ಡ್ರಮ್ಮು, ಎರಡು ಸೈಕಲ್ಲು, ಗೋಡೆಗೆ ಇನ್ನೂ ತೊಳೆಯದ ಕಂದು ಕಲೆ. ಬಂದ ಕೂಡಲೇ ಇನ್ಸ್‌ಪೆಕ್ಟರ್ ಮುಚ್ಚಳ ಆಡಿಸುವ ಎಣ್ಣೆಯ ಪಂಪು ಹಾಕಿಸಿ, ಅದನ್ನು ಒಮ್ಮೆ ಮುಚ್ಚಿಸಿ, ಮತ್ತೆ ತೆರೆಸಿ ನೋಡಿದಳು. ಪೂರ್ತಿ ಮುಚ್ಚಲು ನಲವತ್ತು ಸೆಕೆಂಡು. ಮೇಸ್ತ್ರಿ ಹತ್ತಿ ಬರಬಹುದಿತ್ತು, ಆದರೆ ಕಾಲು ತಂತಿಯಲ್ಲಿ ಸಿಕ್ಕಿತ್ತು. ನಲವತ್ತು ಸೆಕೆಂಡೂ ಅವನು ಕೂಗಿದ್ದನ್ನು ಆಯಸ್ಕಾಂತದ ಕ್ರೇನಿನ ಸದ್ದು ನುಂಗಿತ್ತು.

“ಅಪಾಯ ಬಂದ್ರೆ ಒತ್ತೋ ಕೆಂಪು ಗುಂಡಿ?” ಎಂದು ಕೇಳಿದಳು.

“ಪದೇ ಪದೇ ಟ್ರಿಪ್ ಆಗ್ತಿತ್ತು ಮೇಡಂ. ಯಜಮಾನ್ರು ಅದರ ತಂತಿ ಕೀಳಿಸಿದ್ರು.”

ಹೇಳಿದವನು ಅಂಗಳದ ಕಂಪ್ಯೂಟರ್ ನೋಡಿಕೊಳ್ಳುವವನು. ಬಿಳಿ ಹೊಟ್ಟೆ, ಕಪ್ಪು ಕೋಟು, ಎರಡೂ ಕೈ ಅಗಲಿಸಿ ತೂಗಾಡುವ ನಡಿಗೆ. ಅವನ ಕಂಪ್ಯೂಟರಿನ ಮೇಲೂ, ಅದನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯ ಗುರುತಾದ ಪೆಂಗ್ವಿನ್ ಚೀಟಿ ಅಂಟಿತ್ತು. ಇನ್ನು ಬೇರೆ ಹೆಸರು ಯಾರು ಹುಡುಕುತ್ತಾರೆ? ಎಲ್ಲರೂ ಪೆಂಗ್ವಿನ್ ಎಂದೇ ಕರೆಯುತ್ತಿದ್ದರು.

ಇನ್ಸ್‌ಪೆಕ್ಟರ್ ಅಕ್ಕನ ಕಡೆ ತಿರುಗಿದಳು. “ಕೈ ಹಿಂದೆ ಕಟ್ಕೊಂಡು ನಿಲ್ಲು. ನೀನು ಕೀಬೋರ್ಡ್ ಮುಟ್ಟಿದ್ರೆ ನಾಳೆ ವಕೀಲರು ನನ್ನ ಚರ್ಮ ಸುಲೀತಾರೆ. ಬಾಯಲ್ಲಿ ಹೇಳು. ರೈಟರ್ ಟೈಪ್ ಮಾಡ್ತಾರೆ.”

ಸ್ಟೇಷನ್ನಿನ ಕಡತ ಬರೆಯುವ ರೈಟರ್ ನಿವೃತ್ತಿಗೆ ಎಂಟು ತಿಂಗಳಿದ್ದ ಮನುಷ್ಯ. ಎರಡು ಬೆರಳಲ್ಲಿ ಟೈಪ್ ಮಾಡುತ್ತಿದ್ದ. “ನಿಧಾನವಾಗಿ ಹೇಳಮ್ಮ. ನಾನು ಸುತ್ತಿಗೆ ಕಾಲದೋನು.”

“ಏನು ನೋಡ್ತೀರಿ ಇದರಲ್ಲಿ?” ಪೆಂಗ್ವಿನ್ ನಕ್ಕ. “ಮೇಡಂ, ಇದು ಲಿನಕ್ಸ್. ಇದಕ್ಕೆ ವೈರಸ್ ಬರಲ್ಲ. ಆಫೀಸಿನ ಕಂಪ್ಯೂಟರ್‌ಗಳಿಗೆ ಬರುತ್ತೆ, ಅಲ್ಲಿ ಆಂಟಿವೈರಸ್ ಹಾಕಿಸಿದ್ದೀವಿ. ಇದಕ್ಕೆ ಬೇಡ.”

“ಯಾರು ಹೇಳಿದ್ದು?” ಅಕ್ಕ ಕೇಳಿದಳು.

“ಎಲ್ಲರಿಗೂ ಗೊತ್ತು.”

“ಎಲ್ಲರಿಗೂ ಗೊತ್ತಿರೋ ವಿಷಯದಿಂದಲೇ ನಮ್ಮ ಸ್ಟೇಷನ್ ನಡೀತಿರೋದು” ಎಂದ ರೈಟರ್.

ಅಕ್ಕ ತನ್ನ ಚೀಲದಿಂದ ಆಂಟಿವೈರಸ್ ಇದ್ದ ಒಂದು ಪೆನ್‌ಡ್ರೈವ್ ತೆಗೆಸಿದಳು. ರೈಟರ್ ಚುಚ್ಚಿದ. ಹುಡುಕಾಟ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಆಫೀಸಿನವರು ಬಿಲ್ಲು ಇಡುವ ಫೋಲ್ಡರಿನಲ್ಲಿ ಮೂರು ವೈರಸ್ ಸಿಕ್ಕವು. ಮೂರೂ ಆಫೀಸಿನ ಕಂಪ್ಯೂಟರ್‌ಗಳನ್ನು ಕಚ್ಚುವಂಥವು. ಈ ಯಂತ್ರದಲ್ಲಿ ಸುಮ್ಮನೆ ಮಲಗಿದ್ದವು.

“ನೋಡಿದ್ರಾ? ನನ್ನ ಮೆಷಿನ್‌ಗೆ ಏನೂ ಆಗಿಲ್ಲ!”

“ಆಗಿಲ್ಲ. ರೋಗ ನಿಮಗೆ ಬರಲಿಲ್ಲ, ನೀವು ಹಂಚ್ತಾ ಕೂತಿದ್ರಿ” ಎಂದಳು ಅಕ್ಕ. “ಆದ್ರೆ ಮೇಡಂ, ನಾವು ಹುಡುಕೋದು ಇದಲ್ಲ. ಆಂಟಿವೈರಸ್ ಅಂದ್ರೆ ಹಳೇ ಕಳ್ಳರ ಫೋಟೋ ಕೈಲಿಟ್ಕೊಂಡು ಗೇಟಲ್ಲಿ ನಿಂತಿರೋ ವಾಚ್‌ಮನ್. ಫೋಟೋದಲ್ಲಿ ಇಲ್ಲದವನು ಬಂದ್ರೆ ಸಲಾಂ ಹೊಡೆದು ಬಿಡ್ತಾನೆ. ಇಲ್ಲಿಗೆ ಬಂದಿರೋದು ವೈರಸ್ ಅಲ್ಲ ಅನ್ಸುತ್ತೆ. ಮನುಷ್ಯ. ಅಪ್‌ಡೇಟ್ ಹಾಕಿ ಎಷ್ಟು ದಿನ ಆಯ್ತು, ಕೇಳಿ ಇವರನ್ನ.”

ಪೆಂಗ್ವಿನ್ ಕಿಟಕಿಯಾಚೆ ಬೆರಳು ತೋರಿಸಿದ, ಹೆಮ್ಮೆಯಿಂದಲೇ. ಗೇಟಿನ ಕಂಬದಲ್ಲಿ ಎರಡು ಬೋರ್ಡು. ಒಂದರಲ್ಲಿ “ಅಪಘಾತವಿಲ್ಲದ ದಿನಗಳು: 3”. ಅದರ ಕೆಳಗೆ “ಸರ್ವರ್ ನಿಲ್ಲದ ದಿನಗಳು: 1130”. ಮೇಸ್ತ್ರಿ ಸತ್ತ ದಿನ ಮೊದಲನೆಯದು ಸೊನ್ನೆಗೆ ಇಳಿದಿತ್ತು. ಎರಡನೆಯದು ಅವತ್ತೂ ಒಂದು ಏರಿತ್ತು. ಹೆಣ ಬಿಡಿಸುತ್ತಿದ್ದಾಗಲೇ ಯಾರೋ ಸೀಮೆಸುಣ್ಣ ಹಿಡಿದು ಹೋಗಿ ಅಂಕಿ ಬದಲಿಸಿದ್ದರು.

“ಈ ಮೆಷಿನ್ ಒಂದು ಸಲವೂ ನಿಂತಿಲ್ಲ” ಎಂದ ಪೆಂಗ್ವಿನ್. “ಕರೆಂಟ್ ಹೋದ್ರೂ ಬ್ಯಾಟರಿ ಇದೆ.”

“ಸಿಸ್ಟಮ್ಮಿನ ಬುಡದ ಅಪ್‌ಡೇಟ್ ಹಾಕಿದ್ರೆ ಒಂದು ಸಲ ಆಫ್ ಮಾಡಿ ಆನ್ ಮಾಡಲೇಬೇಕು” ಎಂದಳು ಅಕ್ಕ. “ನಿಂತಿಲ್ಲ ಅಂದ್ರೆ ಹಾಕಿಲ್ಲ ಅಂತಲೇ. ಬಿರುಕು ಸಿಕ್ಕಿದಾಗೆಲ್ಲ ಸಾಫ್ಟ್‌ವೇರ್ ಮಾಡಿದವರು ಮುಚ್ಚೋಕೆ ತೇಪೆ ಕಳಿಸ್ತಾರೆ. ಎಲ್ಲಿ ಬಿರುಕು ಇತ್ತು ಅನ್ನೋದೂ ಅವತ್ತೇ ಊರಿಗೆಲ್ಲ ಗೊತ್ತಾಗುತ್ತೆ. ನೀವು ಮೂರು ವರ್ಷದಿಂದ ಬೀಗ ಬದಲಾಯಿಸಿಲ್ಲ ಅಂತ ಗೇಟಿನಲ್ಲೇ ಬರೆದು ಹಾಕಿದ್ದೀರಲ್ಲ, ಓದೋಕೆ ಬರೋ ಯಾವ ಕಳ್ಳನಿಗೆ ಸಾಲದು?”

ಪೆಂಗ್ವಿನ್ ಹಣೆಯ ಕೂದಲು ಸರಿಸಿದ. ಹುಬ್ಬಿನ ಮೇಲೆ ಉದ್ದನೆಯ ಗಾಯದ ಗುರುತು.

“ಅಪ್‌ಡೇಟ್ ಹಾಕಿದ್ದೆ ಕಣಮ್ಮ. ನಾಲ್ಕು ವರ್ಷದ ಹಿಂದೆ. ಮುಚ್ಚಳ ಎರಡು ದಿನ ಮೇಲೇಳಲಿಲ್ಲ. ಯಜಮಾನ್ರು ಎದುರಿಗಿದ್ದ ಕಬ್ಬಿಣದ ತುಂಡು ಎತ್ತಿ ಹೊಡೆದ್ರು. ಐದು ಹೊಲಿಗೆ. ಮೆಷಿನ್ ನಿಂತ್ರೆ ಆರನೇದು ಗಂಟಲಿಗೆ ಅಂದ್ರು. ಅದಾದ್ಮೇಲೆ ಒಂದು ಸಲ ಕರೆಂಟ್ ಕೈಕೊಟ್ಟಿತು, ಬ್ಯಾಟರಿ ಹಾಕಿಸಿ ಬೋರ್ಡ್ ಬರೆಸಿದ್ದೇ ಅವರು. ನೀನಾಗಿದ್ರೆ ಹಾಕ್ತಿದ್ಯಾ?”

ಅಕ್ಕ ತೆರೆಯ ಕಡೆ ತಿರುಗಿದಳು.

“ರೈಟ್ರೇ” ಎಂದಳು ಅಕ್ಕ. “ಪ್ರೋಗ್ರಾಂಗಳನ್ನೆಲ್ಲ ತಾರೀಕಿನ ಪ್ರಕಾರ ಸಾಲಾಗಿ ಹಾಕಿಸಿ. ಹೊಸದು ಮೇಲೆ.”

ರೈಟರ್ ಕುಟ್ಟಿದ. ಸಾಲುಗಳು ಇಳಿದವು. ಎಲ್ಲವೂ ನಾಲ್ಕು, ಐದು ವರ್ಷದ ಹಳಸಲು. ಮೇಲಿನ ಒಂದು ಬಿಟ್ಟು.

ದೂರದಿಂದ ಒಳಗೆ ಬರುವವರನ್ನು ತಡೆದು ಹೆಸರು, ಪಾಸ್‌ವರ್ಡ್ ಕೇಳುವ ಪ್ರೋಗ್ರಾಂ ಅದು. ಅದರ ಮುಂದಿದ್ದ ತಾರೀಕಿಗೆ ಹನ್ನೆರಡು ದಿನ.

“ಇದನ್ನ ಹಾಕಿದ್ದು ನೀವಾ?”

ಪೆಂಗ್ವಿನ್ ತೆರೆಗೆ ಮುಖ ತಂದು ತಾರೀಕು ಓದಿದ. “ನಾನು... ಇಲ್ಲ.”

“ಯಾರೋ ಹಳೇ ಬಿರುಕಿನಿಂದ ಒಳಗೆ ನುಗ್ಗಿದ್ದಾರೆ ಮೇಡಂ. ನುಗ್ಗಿದ ಮೇಲೆ ಆ ಬಿರುಕನ್ನ ತಾವೇ ಮುಚ್ಚಿದ್ದಾರೆ, ಇನ್ನೊಬ್ಬ ಕಳ್ಳ ಬರಬಾರದು ಅಂತ. ಆಮೇಲೆ ತಮಗೆ ಬೇಕಾದ ಹಾಗಿರೋ ಬಾಗಿಲು ಕೂರಿಸಿದ್ದಾರೆ.”

“ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ” ಎಂದ ರೈಟರ್. “ಇಲ್ಲಿ ಕೊಳ್ಳೆ ಹೊಡೆದವನೇ ಹಾಕಿದ್ದಾನಲ್ಲಪ್ಪ!”

“ಆ ಬಾಗಿಲು ಬರೋರ ಪಾಸ್‌ವರ್ಡ್ ಕದ್ದು ಬರೆದಿಟ್ಕೊಳ್ಳುತ್ತೆ. ಎಲ್ಲೋ ಒಂದು ಚೀಟಿ ಇರಬೇಕು. ಅದೇ ತಾರೀಕಿನಿಂದ ಈಚೆಗೆ ಹುಟ್ಟಿದ ಫೈಲ್ ಹುಡುಕಿ. ಹೆಸರು ಚುಕ್ಕಿಯಿಂದ ಶುರುವಾಗಿ ಕಣ್ಣಿಗೆ ಬೀಳದೆ ಅಡಗಿರೋದನ್ನೂ ಬಿಡಬೇಡಿ.”

ಸಿಕ್ಕಿತು. ರೈಟರ್ ತೆರೆದ. ನಾಲ್ಕು ಸಾಲು. ಯಜಮಾನನ ಪಾಸ್‌ವರ್ಡ್. ಮೇಸ್ತ್ರಿಯದು. ಪೆಂಗ್ವಿನ್‌ದು, “ಪೆಂಗ್ವಿನ್” ಎಂಬುದರ ಮುಂದೆ ಒಂದು ಎರಡು ಮೂರು. ರೈಟರ್ ಅವನನ್ನು ಮೇಲಿನಿಂದ ಕೆಳಗೆ ನೋಡಿದ.

ಕೊನೆಯದು ಆಪರೇಟರ್‌ದು. ಹತ್ತು ಅಂಕಿ. ಅಕ್ಕನ ಮೊಬೈಲ್ ನಂಬರ್. ಅಕ್ಕ ಅದನ್ನು ಓದಿದಳು. ಹಿಂದೆ ಕಟ್ಟಿಕೊಂಡಿದ್ದ ಕೈಗಳ ಗೆಣ್ಣು ಬೆಳ್ಳಗಾದವು.

“ಅಂದ್ರೆ ಅವನ ಹೆಸರಲ್ಲಿ ಯಾರು ಬೇಕಾದ್ರೂ ಆಜ್ಞೆ ಕೊಡಬಹುದಿತ್ತು” ಎಂದಳು ಇನ್ಸ್‌ಪೆಕ್ಟರ್.

“ಹೌದು. ಆದ್ರೆ ದೂರದಿಂದ ಬಂದ್ರೆ ದಾಖಲೆಯಲ್ಲಿ ಎಲ್ಲಿಂದ ಬಂದ್ರು ಅಂತ ಒಂದು ಸಾಲು ಬೀಳಬೇಕು. ನೀವು ನೋಡಿದ ದಾಖಲೆಯಲ್ಲಿ ಇರಲಿಲ್ಲ. ಅದಕ್ಕೇ ಇದೇ ಕೀಬೋರ್ಡಿನಿಂದ ಹೋಗಿದೆ ಅಂದ್ಕೊಂಡ್ರಿ. ಕೊಲೆ ದಿನದ್ದು ತೆಗೀರಿ ರೈಟ್ರೇ. ಪಂಪಿನ ಎಣ್ಣೆ ಎಷ್ಟು ಬಿಸಿ ಇದೆ ಅಂತ ನಿಮಿಷಕ್ಕೊಂದು ಸಾಲು ಬರುತ್ತೆ, ನೋಡಿ.”

ಹತ್ತು ಮೂವತ್ತೊಂಬತ್ತು, ನಲವತ್ತು. ಆಮೇಲೆ ಮುಚ್ಚು ಎಂಬ ಆಜ್ಞೆ. ಆಮೇಲೆ ನೇರ ನಲವತ್ನಾಲ್ಕು. ನಡುವೆ ಮೂರು ನಿಮಿಷ ಎಣ್ಣೆಯ ಸಾಲೇ ಇರಲಿಲ್ಲ.

“ಅಳಿಸಿದ್ದಾರೆ. ಅವಸರದಲ್ಲಿ ಅಕ್ಕಪಕ್ಕದ ಸಾಲನ್ನೂ ಸೇರಿಸಿ ಅಳಿಸಿದ್ದಾರೆ. ಅಷ್ಟು ಚೆನ್ನಾಗಿ ಬಾಗಿಲು ಕೂರಿಸಿದ ಕಳ್ಳ ಇಷ್ಟು ಒಡ್ಡಾಗಿ ಅಳಿಸಲ್ಲ. ಇದು ಬೇರೆ ಕೈ.”

ಪೆಂಗ್ವಿನ್ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಒಂದೇ. ಇನ್ಸ್‌ಪೆಕ್ಟರ್ ಅವನ ಕೋಟಿನ ಕಾಲರ್ ಹಿಡಿದು ಕಿಟಕಿಗೆ ತಂದು ಒತ್ತಿದಳು. ಗಾಜು ಸರಿದಿತ್ತು. ಅವನ ಸೊಂಟದಿಂದ ಮೇಲಿನ ಭಾಗ ತೊಟ್ಟಿಯ ಮೇಲೆ ತೂಗಾಡಿತು. ಕನ್ನಡಕ ಕಳಚಿ ಕೆಳಗೆ ಬಿದ್ದು ಡ್ರಮ್ಮಿಗೆ ಬಡಿದು ಒಡೆಯಿತು.

“ಮೇಡಂ! ಮೇಡಂ!”

“ಯಾವಾಗ ಅಳಿಸಿದೆ?”

“ನಾನ್ಯಾಕೆ...”

ಅವಳು ಇನ್ನೊಂದು ಗೇಣು ಬಿಟ್ಟಳು.

“ಅವತ್ತೇ! ಹನ್ನೊಂದು ಗಂಟೆಗೆ! ಕೆಳಗೆ ಎಲ್ಲರೂ ಅಳ್ತಿದ್ರು, ನಾನು ಮೇಲೆ ಬಂದು ನೋಡಿದೆ. ಆಪರೇಟರ್ ಹೆಸರಿತ್ತು, ಆದ್ರೆ ಈ ಕೀಬೋರ್ಡಿಂದ ಅಲ್ಲ, ತಂತಿ ಮೇಲಿಂದ ಬಂದಿತ್ತು. ಯಾರೋ ನುಗ್ಗಿದ್ದಾರೆ ಅಂತ ಗೊತ್ತಾಯ್ತು. ಬಾಗಿಲು ಯಾಕೆ ತೆರೆದಿಟ್ಟಿದ್ದೆ ಅಂತ ಯಜಮಾನ್ರು... ನನ್ನ ತಲೆ... ಅಳಿಸಿಬಿಟ್ಟೆ!”

“ಎಲ್ಲಿಂದ ಬಂದಿತ್ತು?”

“ಓದಲಿಲ್ಲ! ತಾಯಾಣೆ ಓದಲಿಲ್ಲ. ಹೊರಗಿನಿಂದಲೇ ಇರಬೇಕು ಅಂದ್ಕೊಂಡೆ.”

ಇನ್ಸ್‌ಪೆಕ್ಟರ್ ಅವನನ್ನು ಒಳಗೆಳೆದು ನೆಲಕ್ಕೆ ಬಿಟ್ಟಳು. ಅವನು ಗೋಡೆಗೆ ಒರಗಿ ಏದುಸಿರು ಬಿಟ್ಟ.

“ಮೂರು ದಿನ” ಎಂದಳು ಅಕ್ಕ. ದನಿ ಏರಲಿಲ್ಲ. “ಮೂರು ದಿನ ಗೊತ್ತಿತ್ತು ನಿಮಗೆ. ಅವನ ಬೆರಳು ಮುರಿಯೋವಾಗ ಗೊತ್ತಿತ್ತು.”

“ಪೊಲೀಸರು ಹೊಡೀತಾರೆ ಅಂತ ನನಗೇನು...”

ಅಕ್ಕನ ಕೈ ಹಿಂದಿನಿಂದ ಮುಂದೆ ಬಂತು. ಮೇಜಿನ ಮೇಲಿದ್ದ ಹಳೇ ಬ್ಯಾಟರಿಯ ಡಬ್ಬ ಎತ್ತಿ ಅವನ ಬಾಯಿಗೆ ಬಡಿದಳು. ಹಲ್ಲು ಮುರಿದ ಸದ್ದು ಕೇಳಿಸಿತು. ಎರಡನೇ ಏಟಿಗೆ ರೈಟರ್ ಕುರ್ಚಿ ಉರುಳಿಸಿ ಎದ್ದು ಅವಳ ಸೊಂಟ ಹಿಡಿದ. ಪೆಂಗ್ವಿನ್ ಅಂಗೈಗೆ ರಕ್ತ ಉಗಿದು, ಅದರಲ್ಲಿ ಏನನ್ನೋ ಹುಡುಕುವವನಂತೆ ನೋಡುತ್ತ ಕೂತ.

“ಸಾಕು” ಎಂದಳು ಇನ್ಸ್‌ಪೆಕ್ಟರ್. ಅದನ್ನು ಬೆರಳು ಮುರಿಯುವಾಗ ಸ್ಟೇಷನ್ನಿನಲ್ಲಿ ಹೇಳಬೇಕಿತ್ತು. “ಹೊರಗಿನ ಇಂಟರ್‌ನೆಟ್ ತಂತಿ ಯಾವುದು?”

ಪೆಂಗ್ವಿನ್ ಮಾತಾಡಲಾಗದೆ ಬೆರಳು ತೋರಿಸಿದ. ಹಳದಿ ತಂತಿ. ಅವಳು ಅದನ್ನು ಬುಡಸಮೇತ ಕಿತ್ತಳು.

“ಈಗ ಹೊರಗಿನವನು ಹೊರಗೇ. ರೈಟ್ರೇ, ಆ ತಪ್ಪೊಪ್ಪಿಗೆ ಎಲ್ಲಿದೆ?”

“ಕಡತದಲ್ಲಿದೆ ಮೇಡಂ.”

“ನಾಲ್ಕು ಗಂಟೆಗೆ ಅದು ಕೋರ್ಟಿಗೆ ಹೋಗಲ್ಲ. ಅವನೂ ಹೋಗಲ್ಲ. ಬೇಡಿ ಬಿಚ್ಚಿಸ್ತೀನಿ, ನಡೀರಿ.”

ಅಕ್ಕ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಕೆಳಗಿನಿಂದ ಕೂಗು ಬಂತು.

ಕಿಟಕಿಯಿಂದ ಕಂಡದ್ದಿಷ್ಟು. ಜೀಪಿನ ಹಿಂಬಾಗಿಲು ಹಾರುಹೊಡೆದಿತ್ತು. ಒಬ್ಬ ಪೇದೆ ತಲೆ ಹಿಡಿದುಕೊಂಡು ಎಣ್ಣೆ ನೆಲದ ಮೇಲೆ ಕೂತಿದ್ದ, ಇನ್ನೊಬ್ಬ ಪಕ್ಕದಲ್ಲೇ ಬಿದ್ದಿದ್ದ. ಕಟ್ಟರ್ ಕುಂಟುತ್ತಲೇ ಆಪರೇಟರನ್ನು ಬೇಡಿಯ ಸರಪಳಿ ಹಿಡಿದು ಎಳೆದು ತಂದಿದ್ದ. ಕಿಟಕಿಯಲ್ಲಿದ್ದವರು ಕಿರುಚುವಷ್ಟರಲ್ಲಿ ಅವನನ್ನು ಎತ್ತಿ ತೊಟ್ಟಿಯೊಳಗೆ ಎಸೆದ. ಆಪರೇಟರ್ ಸೈಕಲ್ಲುಗಳ ಮೇಲೆ ಬೆನ್ನಡಿಯಾಗಿ ಬಿದ್ದ. ಕೈ ಕಟ್ಟಿದ್ದರಿಂದ ಏಳಲಾಗಲಿಲ್ಲ.

“ಬಿದ್ದಿರು ಅಲ್ಲೇ! ನಮ್ಮಣ್ಣ ಬಿದ್ದಿದ್ದ ಜಾಗ ಅದು! ಹೇಗಿರುತ್ತೆ ನೋಡು!”

ಅವನ ಮನಸ್ಸಿನಲ್ಲಿ ಹೆದರಿಸುವುದಷ್ಟೇ ಇತ್ತೇನೋ. ಕೈಯಲ್ಲಿ ರಾಡು ಹಿಡಿದು ತೊಟ್ಟಿಯ ಅಂಚಿನಲ್ಲಿ ನಿಂತಿದ್ದ. ಬಂದಾಗ ಪರೀಕ್ಷೆಗೆ ಹಾಕಿದ ಪಂಪು ಇನ್ನೂ ಗುರುಗುಡುತ್ತಿತ್ತು. ನಿಲ್ಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮುಚ್ಚಳ ಅಲುಗಿತು.

ಕಟ್ಟರ್ ತಲೆಯೆತ್ತಿ ಕ್ಯಾಬಿನ್ ನೋಡಿದ. ಕಿಟಕಿಯಲ್ಲಿ ನಾಲ್ಕು ಜನ. ಇನ್ಸ್‌ಪೆಕ್ಟರ್ ಕೈಯಲ್ಲಿ ಕಿತ್ತ ಹಳದಿ ತಂತಿ. ರೈಟರ್ ಎರಡೂ ಕೈ ಮೇಲೆತ್ತಿದ್ದ. ಅಕ್ಕನ ಕೈ ಕಿಟಕಿಯ ಚೌಕಟ್ಟಿನ ಮೇಲೆ. ಪೆಂಗ್ವಿನ್‌ನ ಕೈ ಬಾಯಿಯ ಮೇಲೆ. ಕೀಬೋರ್ಡಿನ ಹತ್ತಿರ ಯಾರೂ ಇರಲಿಲ್ಲ. ಆಪರೇಟರ್ ತೊಟ್ಟಿಯಲ್ಲಿದ್ದ. ಮುಚ್ಚಳ ಇಳಿಯುತ್ತಲೇ ಇತ್ತು.

ಕಟ್ಟರ್ ಅದನ್ನು ನೋಡಿದ. ಮತ್ತೊಮ್ಮೆ ಕ್ಯಾಬಿನ್ ನೋಡಿದ. ಅವನ ಮುಖದಲ್ಲಿ ಮೂರು ದಿನದಿಂದ ಬಿಗಿದುಕೊಂಡಿದ್ದ ಯಾವುದೋ ನರ ಸಡಿಲಾಯಿತು.

“ಅಯ್ಯೋ, ಇವನಲ್ಲ ಕಣ್ರೋ!” ಎಂದು ಅರಚಿ ಅವನೂ ತೊಟ್ಟಿಗೆ ಹಾರಿದ.

“ಮತ್ತೆ ಅವನ ಹೆಸರಲ್ಲೇ ಆಜ್ಞೆ ಬಂದಿದೆ!” ರೈಟರ್ ತೆರೆಯ ಮೇಲೆ ಬಾಗಿ ಕೂಗಿದ.

“ಹೊರಗಿನ ತಂತಿ ಕಿತ್ತಾಯ್ತಲ್ಲ” ಎಂದಳು ಅಕ್ಕ. “ಅಂಗಳದ ಒಳಗಿಂದ ಕೊಟ್ಟಿದ್ದಾರೆ ಮೇಡಂ! ಇಲ್ಲೇ ಇದ್ದಾರೆ!”

“ನಿಲ್ಲಿಸು!”

“ಒಂದ್ಸಲ ಹೇಳಿದ್ರೆ ಮುಚ್ಚೋತನಕ ನಿಲ್ಲಲ್ಲ!” ಪೆಂಗ್ವಿನ್ ರಕ್ತದ ಬಾಯಲ್ಲಿ ತೊದಲಿದ. “ಕಂಪ್ಯೂಟರ್ ಕಿತ್ತರೂ ನಿಲ್ಲಲ್ಲ! ಪಂಪ್ ಸಾಯಿಸಿ! ಮೇನ್ ಸ್ವಿಚ್... ವೇಬ್ರಿಡ್ಜ್ ಕೋಣೆ!”

ಇನ್ಸ್‌ಪೆಕ್ಟರ್ ಮೆಟ್ಟಿಲು ಇಳಿಯಲಿಲ್ಲ, ಹಾರಿದಳು. ಪಾದ ತಿರುಚಿತು. ಓಡಿದಳು. ಬೆನ್ನ ಹಿಂದೆ ಕಬ್ಬಿಣಕ್ಕೆ ಕಬ್ಬಿಣ ಸಿಕ್ಕಿದ ಸದ್ದು. ಕಟ್ಟರ್ ತನ್ನ ರಾಡನ್ನು ಮುಚ್ಚಳಕ್ಕೆ ಅಡ್ಡ ಕೊಟ್ಟಿದ್ದ. ರಾಡು ಕಿರುಗುಟ್ಟುತ್ತ ಬಾಗುವ ಸದ್ದು ಅಂಗಳಕ್ಕೆಲ್ಲ ಕೇಳಿಸಿತು.

ವೇಬ್ರಿಡ್ಜ್ ಕೋಣೆಯ ಮುಂದೆ, ತೂಗುವ ಹಾಸಿನ ಮೇಲೆ, ತೂಕದಮ್ಮ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು.

“ಬಾಗಿಲು ತೆಗಿ!”

“ಚಿಲಕ ಹಾಕಿದೆ ಮೇಡಂ... ಒಳಗಿಂದ...”

“ಒಳಗೆ ಯಾರಿದ್ದಾರೆ?”

“ಯಾರೂ ಇರಲಿಲ್ಲ! ನಾನು ಗಲಾಟೆ ನೋಡೋಕೆ ಈಚೆ ಬಂದೆ, ಅಷ್ಟೇ!”

ಹಿಂದಿನಿಂದ ಮನುಷ್ಯನ ಕೂಗು. ಯಾರದೆಂದು ತಿಳಿಯಲಿಲ್ಲ. ಇನ್ಸ್‌ಪೆಕ್ಟರ್ ಮೊಣಕೈಯಿಂದ ಕಿಟಕಿಯ ಗಾಜು ಒಡೆದಳು. ಗಾಜು ತೋಳನ್ನು ಉದ್ದಕ್ಕೆ ಸೀಳಿತು. ಒಳಗೆ ಕತ್ತಲು, ಎಲ್ಲ ಪರದೆಗಳನ್ನೂ ಎಳೆದಿದ್ದರು. ಮೂಲೆಯಲ್ಲಿ ತೂಕದ ಕಂಪ್ಯೂಟರಿನ ತೆರೆ ಮಾತ್ರ ಮಿನುಗುತ್ತಿತ್ತು. ಹೆಗಲವರೆಗೂ ಕೈ ತೂರಿಸಿ ಗೋಡೆ ತಡವಿದಳು. ಕಬ್ಬಿಣದ ಪೆಟ್ಟಿಗೆ. ಅದರ ಪಕ್ಕ ಹಿಡಿ. ಹಿಡಿದು ಕೆಳಕ್ಕೆ ಜಗ್ಗಿದಳು.

ಪಂಪು ಸತ್ತಿತು. ಅಂಗಳ ಒಮ್ಮೆಗೇ ಮೌನವಾಯಿತು.

ತೊಟ್ಟಿಯ ಕಡೆಯಿಂದ ಅಕ್ಕನ ದನಿ ಬಂತು. “ಒಂದು ಮೊಳ ಉಳಿದಿದೆ! ಇಬ್ಬರೂ ಉಸಿರಾಡ್ತಿದ್ದಾರೆ! ಹಾಗೇ ಹಿಡ್ಕೊಂಡಿರಿ ಮೇಡಂ, ಬಿಟ್ರೆ ಹಿಡಿ ಮೇಲೆದ್ದು ಪಂಪ್ ಮತ್ತೆ ಶುರುವಾಗುತ್ತಂತೆ!”

ಇನ್ಸ್‌ಪೆಕ್ಟರ್ ಬಿಡಲಿಲ್ಲ. ರಕ್ತಕ್ಕೆ ಹಿಡಿ ಜಾರುತ್ತಿತ್ತು. ಇನ್ನೂ ಬಿಗಿಯಾಗಿ ಹಿಡಿದಳು.

ಆಗ ಕತ್ತಲಿನಿಂದ ಒಂದು ಕೈ ಬಂದು ಅವಳ ಮಣಿಕಟ್ಟನ್ನು ಸುತ್ತಿತು. ಬಿಸಿ ಕೈ. ಅವಸರವಿಲ್ಲದ ಕೈ. ಅದು ಅವಳ ಕಿರುಬೆರಳನ್ನು ಹುಡುಕಿ, ಹಿಂದಕ್ಕೆ ಮಡಚಿ, ಲಟಕ್ಕನೆ ಮುರಿಯಿತು. ಆಮೇಲೆ ಎರಡನೆಯ ಬೆರಳಿಗೆ ಬಂತು.